ಕೇಸು ನಿಂತರೂ ಕ್ಯಾಲೆಂಡರು ನಿಲ್ಲದು

‘ಸ್ಟೇ’ ಎಂಬ ಇಂಗ್ಲಿಷ್ ಮಾತು ಕರ್ನಾಟಕದ ಹಳ್ಳಿಗಳಲ್ಲೂ ಕನ್ನಡವೇ ಆಗಿಹೋಗಿದೆ. ಪಂಚಾಯಿತಿ ಚುನಾವಣೆಗೆ ಸ್ಟೇ, ಗೋಮಾಳದಲ್ಲಿ ಏಳುತ್ತಿದ್ದ ಕಟ್ಟಡಕ್ಕೆ ಸ್ಟೇ, ಮೇಷ್ಟರ ವರ್ಗಾವಣೆಗೆ ಸ್ಟೇ. ‘ಹೈಕೋರ್ಟಿನಿಂದ ಸ್ಟೇ ತಂದಿದ್ದಾನೆ’ ಎಂದರೆ ಅರ್ಧ ಗೆದ್ದ ಹಾಗೆ ಎಂದೇ ಜನ ತಿಳಿಯುತ್ತಾರೆ. ಎದುರಾಳಿಯ ಕೈ ಕಟ್ಟಿಹಾಕಿದ್ದು, ಆಗಲಿದ್ದ ಅನಾಹುತ ಸದ್ಯಕ್ಕೆ ತಪ್ಪಿದ್ದು, ಇಷ್ಟೂ ಅರ್ಥ ಆ ಒಂದಕ್ಷರದೊಳಗಿದೆ.

ಹಾಸನದ ಕಡೆಯ ಹುಡುಗನೊಬ್ಬ ಅಮೆರಿಕದ ನ್ಯೂಜೆರ್ಸಿಯಲ್ಲಿ ಕೆಲಸಕ್ಕಿದ್ದಾನೆ, ಅವನ ಅನುಮತಿ ವಿಸ್ತರಣೆಗೆ ಕಂಪನಿ ಹಾಕಿದ ಅರ್ಜಿ ತಿರಸ್ಕೃತವಾಗಿ ವಿಷಯ ನ್ಯಾಯಾಲಯಕ್ಕೆ ಹೋಗಿದೆ ಎಂದಿಟ್ಟುಕೊಳ್ಳಿ. ಭಾನುವಾರದ ಫೋನಿನಲ್ಲಿ ತಾಯಿ ‘ಕೇಸು ಏನಾಯ್ತಪ್ಪಾ?’ ಎಂದು ಕೇಳುತ್ತಾರೆ. ‘ಸ್ಟೇ ಆಗಿದೆ ಅಮ್ಮಾ’ ಎನ್ನುತ್ತಾನೆ ಮಗ. ತಾಯಿ ಸಮಾಧಾನದಿಂದ ದೇವರಿಗೆ ತುಪ್ಪದ ದೀಪ ಹಚ್ಚುತ್ತಾರೆ. ಆದರೆ ಮಗ ಹೇಳಿದ ಸ್ಟೇ ಒಂದು, ತಾಯಿಗೆ ಕೇಳಿಸಿದ ಸ್ಟೇ ಇನ್ನೊಂದು. ಅಲ್ಲಿ ತಡೆ ಬಿದ್ದಿರುವುದು ಇಲಾಖೆಯ ತಿರಸ್ಕಾರಕ್ಕಲ್ಲ. ಆ ತಿರಸ್ಕಾರವನ್ನು ಪ್ರಶ್ನಿಸಿ ಹೂಡಿದ ದಾವೆಗೆ! ಇಲಾಖೆ ಕಡತವನ್ನು ಇನ್ನೊಮ್ಮೆ ನೋಡುತ್ತೇನೆ ಎಂದಿದೆ. ನೋಡಿ ಮುಗಿಸುವ ತನಕ ನ್ಯಾಯಾಲಯ ಕೈಕಟ್ಟಿ ಕುಳಿತಿರುತ್ತದೆ. ಅಷ್ಟೇ.

ಇಂಥ ತಡೆ ಭಾರತಕ್ಕೇನೂ ಅಪರಿಚಿತವಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 10ನೇ ಕಲಮು ದಾವೆಯನ್ನೇ ತಡೆದು ನಿಲ್ಲಿಸುವ ಮಾತನ್ನು ಹೇಳುತ್ತದೆ: ಅದೇ ವಿಷಯದ ಮೇಲೆ ಅದೇ ಕಕ್ಷಿಗಳ ನಡುವೆ ಮೊದಲೇ ಒಂದು ದಾವೆ ನಡೆಯುತ್ತಿದ್ದರೆ ಎರಡನೆಯದು ಕಾಯಬೇಕು. ಆದರೆ ಜನರ ಬಾಯಲ್ಲಿ ಉಳಿದದ್ದು ಇನ್ನೊಂದು ಬಗೆಯ ಸ್ಟೇ. ಹೀಗಾಗಿ ಅಮೆರಿಕದಿಂದ ಬರುವ ಸುದ್ದಿ ದಾರಿಯಲ್ಲಿ ಅರ್ಥ ಬದಲಿಸಿಕೊಂಡು ಹಾಸನ ತಲುಪುತ್ತದೆ.

ಮೊದಲು, ‘ಇಲ್ಲ’ ಎಂದವರು ಯಾರು ಎಂಬುದು ಸ್ಪಷ್ಟವಾಗಬೇಕು. ಬೆಂಗಳೂರು, ಮೈಸೂರಿನವರು ದಶಕಗಳಿಂದ ಚೆನ್ನೈಗೆ ಹೋಗಿ ನಿಂತ ಕಾನ್ಸುಲೇಟಿನ ಕಿಟಕಿಯ ಮಾತಲ್ಲ ಇದು. ಆ ಕಿಟಕಿಯಲ್ಲಿ ವೀಸಾ ನಿರಾಕರಿಸಿದರೆ ಅಮೆರಿಕದ ನ್ಯಾಯಾಲಯಗಳು ಸಾಮಾನ್ಯವಾಗಿ ಅದರ ಗೋಜಿಗೆ ಹೋಗುವುದಿಲ್ಲ. 2024ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಗಂಡನಿಗೆ ವೀಸಾ ಸಿಗದ ಅಮೆರಿಕನ್ ಮಹಿಳೆಯೊಬ್ಬರ ಪ್ರಕರಣದಲ್ಲಿ ಆ ಹಳೆಯ ಗೋಡೆಯನ್ನು ಮತ್ತಷ್ಟು ಗಟ್ಟಿ ಮಾಡಿತು. ಇಲ್ಲಿ ಹೇಳುತ್ತಿರುವುದು ಅಮೆರಿಕದ ನೆಲದಲ್ಲೇ ಕುಳಿತು ಅರ್ಜಿ ತೀರ್ಮಾನಿಸುವ ಪೌರತ್ವ ಮತ್ತು ವಲಸೆ ಸೇವಾ ಇಲಾಖೆಯ ವಿಷಯ. ಎಚ್-1ಬಿ ಎಂಬ ಕೆಲಸದ ಅನುಮತಿಗೆ ಅರ್ಜಿ ಹಾಕುವವನು ನೌಕರನಲ್ಲ, ಅವನ ಕಂಪನಿ. ಕಾಗದದ ಮೇಲೆ ನೌಕರ ಬರೀ ‘ಫಲಾನುಭವಿ’. ಈ ಒಂದು ಪದ ಮುಂದೆ ಬಹಳ ಕಾಟ ಕೊಡುತ್ತದೆ, ನೆನಪಿರಲಿ.

1990ರ ವಲಸೆ ಕಾಯ್ದೆಯಿಂದ ಹುಟ್ಟಿದ ಈ ಎಚ್-1ಬಿ ವರ್ಷಕ್ಕೆ ಸಿಗುವುದು 65,000 ಮಂದಿಗೆ. ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ ಮತ್ತೆ 20,000. ಪ್ರತಿ ವರ್ಷ ಒಪ್ಪಿಗೆಯಾಗುವ ಎಲ್ಲ ಎಚ್-1ಬಿ ಅರ್ಜಿಗಳಲ್ಲಿ, ವಿಸ್ತರಣೆಯೂ ಸೇರಿ, ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಭಾರತದಲ್ಲಿ ಹುಟ್ಟಿದವರದು. ಆದ್ದರಿಂದ ತಿರಸ್ಕಾರದ ಗಾಳಿ ಅಲ್ಲಿ ಬೀಸಿದರೆ ಜಯನಗರದಲ್ಲೂ ಕುವೆಂಪುನಗರದಲ್ಲೂ ಕಿಟಕಿ ಅಲುಗುತ್ತದೆ. ಹೊಸ ಉದ್ಯೋಗಕ್ಕಾಗಿ ಹಾಕಿದ ಅರ್ಜಿಗಳಲ್ಲಿ 2015ರಲ್ಲಿ ತಿರಸ್ಕೃತವಾದದ್ದು ನೂರಕ್ಕೆ 6, 2018ರಲ್ಲಿ 24. ಮೂರು ವರ್ಷದಲ್ಲಿ ಅರ್ಜಿದಾರರ ವಿದ್ಯೆ ನಾಲ್ಕು ಪಟ್ಟು ಇಳಿದಿರಲಾರದು. ಬದಲಾದದ್ದು ತೂಗುವ ತಕ್ಕಡಿ. ಆ ವರ್ಷಗಳಲ್ಲೇ ಕಂಪನಿಗಳು ನ್ಯಾಯಾಲಯದ ಬಾಗಿಲು ತಟ್ಟುವುದೂ ಹೆಚ್ಚಾಯಿತು.

ತಟ್ಟಬೇಕಾದ ಬಾಗಿಲು ಫೆಡರಲ್ ಜಿಲ್ಲಾ ನ್ಯಾಯಾಲಯದ್ದು. ದೇಶದಲ್ಲಿ ಅಂಥವು 94 ಇವೆ. ಆಧಾರ 1946ರ ಆಡಳಿತ ಕಾರ್ಯವಿಧಾನ ಕಾಯ್ದೆ. ಯಾವ ಸರ್ಕಾರಿ ಕಚೇರಿಯ ಅಂತಿಮ ತೀರ್ಮಾನವೂ ಮನಬಂದಂತೆ, ವಿವೇಚನೆಯಿಲ್ಲದೆ ಮಾಡಿದ್ದಾದರೆ ನ್ಯಾಯಾಧೀಶರು ಅದನ್ನು ಹೊಡೆದುಹಾಕಬಹುದು ಎನ್ನುತ್ತದೆ ಅದು. ಇಲ್ಲಿ ‘ಅಂತಿಮ’ ಎಂಬ ಮಾತಿಗೆ ಅಡಿಗೆರೆ ಎಳೆಯಬೇಕು.

ನ್ಯಾಯಾಧೀಶರು ಅರ್ಜಿಯನ್ನು ಹೊಸದಾಗಿ ವಿಚಾರಣೆ ಮಾಡುವುದಿಲ್ಲ. ಸಾಕ್ಷಿ ಕರೆಯುವುದಿಲ್ಲ, ಹೊಸ ಪ್ರಮಾಣಪತ್ರ ತೆಗೆದುಕೊಳ್ಳುವುದಿಲ್ಲ. ಇಲಾಖೆಯ ಕಡತ ತರಿಸಿ, ಅದರಲ್ಲಿರುವ ಕಾಗದಗಳಿಗೂ ಕೊಟ್ಟ ಕಾರಣಕ್ಕೂ ಹೊಂದಿಕೆಯಿದೆಯೇ ಎಂದಷ್ಟೇ ನೋಡುತ್ತಾರೆ. ಪಿಯುಸಿ ಮಕ್ಕಳ ತಂದೆತಾಯಿಯರಿಗೆ ಇದು ಬೇಗ ಅರ್ಥವಾದೀತು. ಮರುಮೌಲ್ಯಮಾಪನಕ್ಕೆ ಹಾಕಿದಾಗ ಹುಡುಗ ಪರೀಕ್ಷೆಯ ದಿನ ಬರೆದ ಉತ್ತರಪತ್ರಿಕೆಯನ್ನೇ ಮತ್ತೆ ನೋಡುತ್ತಾರೆ; ‘ಆ ಸೂತ್ರ ಆಮೇಲೆ ನೆನಪಾಯಿತು ಸಾರ್’ ಎಂದರೆ ನಡೆಯದು, ಹೊಸ ಹಾಳೆ ಸೇರಿಸುವಂತಿಲ್ಲ. ಹಾಗೆಯೇ ಮೌಲ್ಯಮಾಪಕನೂ ‘ನಾನು ಅಂಕ ಕಳೆದದ್ದು ಆ ಕಾರಣಕ್ಕಲ್ಲ, ಈ ಕಾರಣಕ್ಕೆ’ ಎಂದು ಕೊನೆಗಳಿಗೆಯಲ್ಲಿ ಮಾತು ಬದಲಿಸುವಂತಿಲ್ಲ. ಇಲಾಖೆ ತಿರಸ್ಕರಿಸಿದ ದಿನ ಯಾವ ಕಾರಣ ಬರೆಯಿತೋ ಅದೇ ಕಾರಣದ ಮೇಲೆ ನಿಲ್ಲಬೇಕು, ಇಲ್ಲವೇ ಬೀಳಬೇಕು ಎಂಬುದನ್ನು ಅಮೆರಿಕದ ಸುಪ್ರೀಂ ಕೋರ್ಟು 1943ರಷ್ಟು ಹಿಂದೆಯೇ ಗೊತ್ತುಮಾಡಿದೆ.

ದಾವೆಯ ನೋಟೀಸು ಮುಟ್ಟಿದ ಮೇಲೆ ಉತ್ತರ ಕೊಡಲು ಸರ್ಕಾರಕ್ಕೆ 60 ದಿನ ಇರುತ್ತದೆ. ತಿರಸ್ಕಾರದ ಪತ್ರವನ್ನು ಸರ್ಕಾರಿ ವಕೀಲರು ಬಹುಶಃ ಮೊದಲ ಬಾರಿಗೆ ಗಮನವಿಟ್ಟು ಓದುವುದು ಈ ದಿನಗಳಲ್ಲಿ. ಓದಿದರೆ ಕೆಲವೊಮ್ಮೆ ಅವರಿಗೇ ಮುಜುಗರ: ಕಡತದಲ್ಲಿ ಇರುವ ಕಾಗದವನ್ನೇ ‘ಕೊಟ್ಟಿಲ್ಲ’ ಎಂದಿರುತ್ತದೆ, ಅಥವಾ ಒಬ್ಬರ ಪತ್ರದ ಪ್ಯಾರಾ ಇನ್ನೊಬ್ಬರ ಪತ್ರಕ್ಕೆ ನಕಲಾಗಿರುತ್ತದೆ. ಆಗ ಅವರು ಎದುರು ಪಕ್ಷದ ವಕೀಲರಿಗೆ ಫೋನು ಮಾಡುತ್ತಾರೆ. ಮಾತು ಹೆಚ್ಚುಕಡಿಮೆ ಒಂದೇ ಧಾಟಿಯದು: ಇಲಾಖೆ ತಾನಾಗಿಯೇ ಕಡತ ಮತ್ತೆ ತೆರೆಯಲು ಸಿದ್ಧವಿದೆ, ಅಲ್ಲಿಯವರೆಗೆ ಕೇಸು ನಿಲ್ಲಿಸಲು ಒಪ್ಪುತ್ತೀರಾ?

ಒಪ್ಪಬೇಕೇ, ಬೇಡವೇ? ವಿಷಯದ ಗಂಟಿರುವುದೇ ಇಲ್ಲಿ.

ಮೇಲುನೋಟಕ್ಕೆ ಬೇಡವೆನ್ನಲು ಕಾರಣವೇ ಕಾಣದು. ಗೆದ್ದರೂ ನ್ಯಾಯಾಲಯ ಹೆಚ್ಚಿನ ಸಲ ಮಾಡುವುದೇನು? ತಿರಸ್ಕಾರ ರದ್ದುಮಾಡಿ ‘ಮತ್ತೆ ಪರಿಶೀಲಿಸಿ’ ಎಂದು ಕಡತವನ್ನು ಅದೇ ಇಲಾಖೆಗೆ ವಾಪಸು ಕಳಿಸುವುದು. ವರ್ಷ ಕಾದು ಆ ಜಾಗಕ್ಕೇ ಬರುವ ಬದಲು ಎರಡು ತಿಂಗಳಿಗೇ ಬಂದರೆ ಲಾಭವಲ್ಲವೇ? ಲಾಭವೇ. ಜೊತೆಗೆ ಇನ್ನೊಂದು ಅನುಕೂಲವಿದೆ. ನ್ಯಾಯಾಲಯದಲ್ಲಿ ಹೊಸ ಹಾಳೆ ಸೇರಿಸುವಂತಿಲ್ಲ. ಆದರೆ ಕಡತ ಮತ್ತೆ ತೆರೆದಾಗ ಸೇರಿಸಬಹುದು. ವಿಶ್ವವಿದ್ಯಾಲಯದ ಪ್ರಾಧ್ಯಾಪಕರಿಂದ ಅಭಿಪ್ರಾಯ, ಕೆಲಸದ ಇನ್ನಷ್ಟು ವಿವರ, ಹಿಂದೆ ಬಿಟ್ಟುಹೋದ ಒಪ್ಪಂದದ ಪ್ರತಿ, ಎಲ್ಲವೂ ಕಡತದೊಳಗೆ ಹೋಗಬಹುದು. ಮುಂದೆ ಮತ್ತೆ ಕೋರ್ಟಿಗೆ ಬರಬೇಕಾದರೆ ಕಡತ ದಪ್ಪವಾಗಿರುತ್ತದೆ.

ತೊಂದರೆ ಎಂದರೆ ಹೊಸ ಹಾಳೆಯ ಸೌಲಭ್ಯ ಮೌಲ್ಯಮಾಪಕನಿಗೂ ಸಿಕ್ಕಿಬಿಡುತ್ತದೆ. ನ್ಯಾಯಾಲಯದಲ್ಲಿ ಬದಲಿಸಲಾಗದಿದ್ದ ಕಾರಣವನ್ನು ಇಲಾಖೆ ಈಗ ಬದಲಿಸಬಹುದು. ಹರಿದ ತಿರಸ್ಕಾರಕ್ಕೆ ತೇಪೆ ಹಾಕಿ, ಹೊಸ ಕಾರಣ ಪೋಣಿಸಿ ಮತ್ತೆ ತಿರಸ್ಕರಿಸಬಹುದು. ಕಡತ ತೆರೆಯುತ್ತೇನೆ ಎಂಬ ಮಾತಿನ ಹಿಂದೆ ತಪ್ಪು ತಿದ್ದುವ ಮನಸ್ಸಿದೆಯೋ, ತಪ್ಪು ಮುಚ್ಚುವ ಮನಸ್ಸಿದೆಯೋ ಎಂಬುದು ಫೋನಿನ ದನಿಯಿಂದ ತಿಳಿಯುವಂಥದ್ದಲ್ಲ.

2019ರ ಒಂದು ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ. ಲೆಕ್ಸಿಸ್‌ನೆಕ್ಸಿಸ್ ಎಂಬ ಹೆಸರಿನಲ್ಲಿ ಕಾನೂನು ಮಾಹಿತಿ ಒದಗಿಸುವ ಕಂಪನಿಯೊಂದು ಅಂಕಿಅಂಶ ವಿಶ್ಲೇಷಕಿಯೊಬ್ಬರಿಗಾಗಿ ಎಚ್-1ಬಿ ಅರ್ಜಿ ಹಾಕಿತ್ತು. ಇಲಾಖೆ ತಿರಸ್ಕರಿಸಿತು. ಕಂಪನಿ ವಾಷಿಂಗ್ಟನ್‌ನ ಫೆಡರಲ್ ಜಿಲ್ಲಾ ನ್ಯಾಯಾಲಯಕ್ಕೆ ಹೋಯಿತು. ದಾವೆ ಬಿದ್ದ ಮೇಲೆ ಇಲಾಖೆ ತಾನಾಗಿಯೇ ಕಡತ ತೆರೆಯಿತು, ಇನ್ನಷ್ಟು ಪುರಾವೆ ಕೊಡಿ ಎಂಬ ನೋಟೀಸನ್ನೂ ಕಳಿಸಿತು. ಅಷ್ಟಕ್ಕೇ ನಿಲ್ಲದೆ, ‘ಕಡತ ತೆರೆದಾಗಿದೆ, ಆದ್ದರಿಂದ ಅಂತಿಮ ತೀರ್ಮಾನವೇ ಇಲ್ಲ, ಆದ್ದರಿಂದ ದಾವೆ ವಜಾ ಮಾಡಿ’ ಎಂದು ನ್ಯಾಯಾಲಯವನ್ನು ಕೇಳಿತು. ಅಂತಿಮ ಎಂಬ ಮಾತಿಗೆ ಅಡಿಗೆರೆ ಎಳೆಯಲು ಹೇಳಿದ್ದು ಇದಕ್ಕೇ. ನ್ಯಾಯಾಧೀಶ ಎಮೆಟ್ ಸಲಿವನ್ ಆ ನೋಟೀಸನ್ನು ತೆರೆದು ನೋಡಿದರು. ಅದರಲ್ಲಿ ಕೇಳಿದ್ದು ಆಗಲೇ ಕಡತದಲ್ಲಿದ್ದ ಮಾಹಿತಿಯನ್ನೇ! ಇದು ನಿಜವಾದ ಮರುಪರಿಶೀಲನೆಯಲ್ಲ ಎಂದು ಅವರು ವಜಾ ಕೋರಿಕೆಯನ್ನು ತಳ್ಳಿಹಾಕಿದರು, ತಿರಸ್ಕಾರ ವಿವೇಚನೆಯಿಲ್ಲದ್ದು ಎಂದರು, ಅರ್ಜಿಯನ್ನು ಒಪ್ಪುವಂತೆ ಆ ವರ್ಷದ ಆಗಸ್ಟಿನಲ್ಲಿ ಆದೇಶಿಸಿದರು. ವಾಪಸು ಕಳಿಸುವ ಬದಲು ಒಪ್ಪಿಬಿಡಿ ಎಂದು ನೇರವಾಗಿ ಹೇಳಿದ್ದು ಅಪರೂಪದ ಸಂಗತಿ.

ಎಲ್ಲ ನ್ಯಾಯಾಧೀಶರೂ ನೋಟೀಸನ್ನು ಅಷ್ಟು ಕೂಲಂಕಷವಾಗಿ ಓದುತ್ತಾರೆಂದಿಲ್ಲ. ಕಡತ ನಿಜವಾಗಿಯೇ ತೆರೆದಿದ್ದರೆ ದಾವೆಗೆ ಆಧಾರವಿಲ್ಲ ಎಂದು ವಜಾ ಮಾಡಿದವರೂ ಇದ್ದಾರೆ. ಆದ್ದರಿಂದಲೇ ವಜಾ ಬೇರೆ, ತಡೆ ಬೇರೆ ಎಂಬುದನ್ನು ಅರ್ಜಿದಾರರು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾಗುತ್ತದೆ. ವಜಾ ಆದರೆ ಮನೆಯಿಂದ ಹೊರಬಿದ್ದಂತೆ. ಮತ್ತೆ ಬರಬೇಕಾದರೆ ಹೊಸ ದಾವೆ, ಹೊಸ 405 ಡಾಲರು ಶುಲ್ಕ, ಹೊಸ 60 ದಿನ, ಬೇರೆ ನ್ಯಾಯಾಧೀಶರೇ ಸಿಗುವ ಸಾಧ್ಯತೆ. ತಡೆಯಾದರೆ ಜಗುಲಿಯ ಮೇಲೆ ಕುಳಿತಂತೆ; ಕೇಸಿನ ನಂಬರು ಹಾಗೇ ಇರುತ್ತದೆ, ಬಾಗಿಲು ತೆಗೆಸಲು ಒಂದು ಸಣ್ಣ ಅರ್ಜಿ ಸಾಕು. ಇನ್ನೂ ಮುಖ್ಯವಾದದ್ದು, ತಮ್ಮ ಮೇಲೆ ನ್ಯಾಯಾಲಯದ ಕಣ್ಣಿದೆ ಎಂಬ ಅರಿವು ಇಲಾಖೆಯವರಿಗೆ ಇರುತ್ತದೆ. ಕಡತ ಕಪಾಟು ಸೇರದಂತೆ ಕಾಯುವುದು ಆ ಅರಿವೇ.

ನ್ಯಾಯಾಲಯ ತಾನೇ ಇಲಾಖೆಗೆ ಉಸಿರಾಡಲು ಸಮಯ ಕೊಡುವುದೂ ಉಂಟು. ಇದಕ್ಕೆ ದೊಡ್ಡ ಉದಾಹರಣೆ ಒಬ್ಬರ ಅರ್ಜಿಯದ್ದಲ್ಲ, ಸುಮಾರು ಏಳು ಲಕ್ಷ ಯುವಕ ಯುವತಿಯರದ್ದು. ಮಕ್ಕಳಾಗಿದ್ದಾಗ ಕಾಗದಪತ್ರವಿಲ್ಲದೆ ಅಮೆರಿಕಕ್ಕೆ ಬಂದವರಿಗೆ ಗಡೀಪಾರಿನಿಂದ ತಾತ್ಕಾಲಿಕ ರಕ್ಷಣೆ ಕೊಡುವ ‘ಡಾಕಾ’ ಯೋಜನೆ 2012ರಲ್ಲಿ ಆರಂಭವಾಯಿತು. 2017ರಲ್ಲಿ ಸರ್ಕಾರ ಅದನ್ನು ಕೊನೆಗೊಳಿಸಲು ಹೊರಟಿತು. 2018ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್‌ನ ನ್ಯಾಯಾಧೀಶ ಜಾನ್ ಬೇಟ್ಸ್, ಹೀಗೆ ಕೊನೆಗೊಳಿಸಲು ಸರಿಯಾದ ಕಾರಣವನ್ನೇ ಕೊಟ್ಟಿಲ್ಲವೆಂದು ಆ ಕ್ರಮವನ್ನು ರದ್ದು ಮಾಡಿದರು. ಆದರೆ ತಮ್ಮ ಆದೇಶ ಜಾರಿಯಾಗುವುದನ್ನು 90 ದಿನ ತಡೆಹಿಡಿದು, ಬೇಕಾದರೆ ಈ ಅವಧಿಯಲ್ಲಿ ಇಲಾಖೆ ಕಾರಣ ವಿವರಿಸಲಿ ಎಂದರು. ಜೂನ್‌ನಲ್ಲಿ ಇಲಾಖೆಯ ಕಾರ್ಯದರ್ಶಿ ಕಿರ್ಸ್ಟೆನ್ ನೀಲ್ಸನ್ ಒಂದು ಪತ್ರ ಬರೆದರು. ಅದು ಹಳೆಯ ತೀರ್ಮಾನಕ್ಕೇ ಹೊಸ ಕಾರಣಗಳ ಅಂಗಿ ತೊಡಿಸಿದ ಪತ್ರ. 2020ರ ಜೂನ್ 18ರಂದು ಸುಪ್ರೀಂ ಕೋರ್ಟು 5–4ರ ಬಹುಮತದಲ್ಲಿ ಯೋಜನೆ ಕೊನೆಗೊಳಿಸಿದ ರೀತಿ ಸರಿಯಲ್ಲ ಎಂದಿತು. ಆ ಪತ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಒಪ್ಪಲಿಲ್ಲ. ಅವರ ಪ್ರಕಾರ ವಾಪಸು ಬಂದ ಕಡತದ ಮುಂದೆ ಇಲಾಖೆಗೆ ಎರಡೇ ದಾರಿ: ಮೊದಲು ಕೊಟ್ಟ ಕಾರಣವನ್ನೇ ಬಿಡಿಸಿ ಹೇಳುವುದು, ಅಥವಾ ಎಲ್ಲವನ್ನೂ ಹೊಸದಾಗಿ ಯೋಚಿಸಿ ಹೊಸ ತೀರ್ಮಾನ ಮಾಡುವುದು. ಹಳೆಯ ತೀರ್ಮಾನ ಇಟ್ಟುಕೊಂಡು ಹೊಸ ಕಾರಣ ಅಂಟಿಸುವಂತಿಲ್ಲ.

ದೊಡ್ಡವರ ಈ ಮಾತು ಸಣ್ಣ ಅರ್ಜಿದಾರನಿಗೂ ಉಪಯೋಗಕ್ಕೆ ಬರುತ್ತದೆ. ತಡೆಯ ಅವಧಿಯಲ್ಲಿ ಹೊರಬಿದ್ದ ಎರಡನೆಯ ತಿರಸ್ಕಾರವನ್ನು ವಕೀಲರು ಕೈಗೆತ್ತಿಕೊಂಡು ಕೇಳುವ ಮೊದಲ ಪ್ರಶ್ನೆ ಇದೇ: ಇಲಾಖೆ ನಿಜವಾಗಿ ಹೊಸದಾಗಿ ನೋಡಿದೆಯೇ, ಅಂಗಿ ಮಾತ್ರ ಬದಲಿಸಿದೆಯೇ?

ಇನ್ನು ಕಾಲದ ಪ್ರಶ್ನೆ. ಕೇಸು ತಡೆಯುವ ಅಧಿಕಾರದ ಬಗ್ಗೆ ಅಮೆರಿಕದ ವಕೀಲರು ಇಂದಿಗೂ ಉಲ್ಲೇಖಿಸುವುದು 1936ರ ತೀರ್ಪೊಂದನ್ನು. ವಿದ್ಯುತ್ ಕಂಪನಿಗಳ ಜಗಳ ಅದು. ನ್ಯಾಯಮೂರ್ತಿ ಬೆಂಜಮಿನ್ ಕಾರ್ಡೋಜೋ ಬರೆದ ಆ ತೀರ್ಪು ಹೇಳುವುದಿಷ್ಟು: ತನ್ನ ಮುಂದಿರುವ ಕೇಸುಗಳನ್ನು ಅಚ್ಚುಕಟ್ಟಾಗಿ ನಡೆಸುವ ಅಧಿಕಾರದಲ್ಲೇ ಅವನ್ನು ತಡೆದು ನಿಲ್ಲಿಸುವ ಅಧಿಕಾರವೂ ಸೇರಿದೆ, ಆದರೆ ತಡೆಯಿಂದ ಇನ್ನೊಬ್ಬರಿಗೆ ಹಾನಿಯಾಗುವ ಸಂಭವವಿದ್ದರೆ, ತಡೆ ಕೇಳುವವನು ತನಗಿರುವ ಕಷ್ಟವನ್ನು ಸ್ಪಷ್ಟವಾಗಿ ತೋರಿಸಬೇಕು, ಕೊನೆಯೇ ಇಲ್ಲದ ತಡೆ ಸಲ್ಲದು. ತೊಂಬತ್ತು ವರ್ಷದ ಹಿಂದಿನ ಮಾತಾದರೂ ಬಳಕೆಯಲ್ಲಿ ಸವೆದಿಲ್ಲ.

‘ಇನ್ನೊಬ್ಬರಿಗೆ ಹಾನಿ’ ಎಂಬಲ್ಲಿ ಆ ‘ಫಲಾನುಭವಿ’ ನೆನಪಾಗಬೇಕು. ದಾವೆ ಹೂಡಿದ್ದು ಕಂಪನಿ, ವಕೀಲರು ಕಂಪನಿಯವರು, ತಡೆಗೆ ಒಪ್ಪಿಗೆ ಕೊಡುವುದೂ ಕಂಪನಿಯೇ. ಆರು ತಿಂಗಳು ತಡವಾದರೆ ಕಂಪನಿಗೆ ಒಂದು ಕುರ್ಚಿ ಖಾಲಿ. ನೌಕರನಿಗೆ? ಅವನು ಅಮೆರಿಕದಲ್ಲಿ ಉಳಿಯಲು ಕೊಟ್ಟಿದ್ದ ದಿನಾಂಕ ಆಗಲೇ ದಾಟಿದ್ದು, ವಿಸ್ತರಣೆಯ ಅರ್ಜಿಯ ಬಲದ ಮೇಲೆ ಉಳಿದಿದ್ದನೆಂದಾದರೆ, ತಿರಸ್ಕಾರದ ಮರುದಿನದಿಂದ ಒಂದು ಬೇರೆ ಗಡಿಯಾರ ಓಡತೊಡಗುತ್ತದೆ. 1996ರ ಕಾನೂನಿನ ಪ್ರಕಾರ ಹೀಗೆ ಅನುಮತಿಯಿಲ್ಲದೆ 180 ದಿನಕ್ಕಿಂತ ಹೆಚ್ಚು ಉಳಿದು ದೇಶ ಬಿಟ್ಟವನು ಮೂರು ವರ್ಷ ಮರಳುವಂತಿಲ್ಲ; ಒಂದು ವರ್ಷ ಅಥವಾ ಹೆಚ್ಚಾದರೆ ಹತ್ತು ವರ್ಷ. ದಾವೆ ಹೂಡಿದ ಮಾತ್ರಕ್ಕೆ ಈ ಗಡಿಯಾರ ನಿಲ್ಲದು. ದಾವೆಯನ್ನು ತಡೆದ ಮಾತ್ರಕ್ಕೂ ನಿಲ್ಲದು.

ಒಂದು ಕೂಡುವ ಲೆಕ್ಕ ಮಾಡಿ ನೋಡಬಹುದು. ತಿರಸ್ಕಾರವಾಗಿ ದಾವೆ ಸಿದ್ಧಪಡಿಸಿ ನೋಟೀಸು ಮುಟ್ಟಿಸಲು 30 ದಿನ ಹಿಡಿಯಿತೆನ್ನಿ. ಸರ್ಕಾರ ಉತ್ತರಕ್ಕಿರುವ 60 ದಿನವನ್ನು ಪೂರ್ತಿ ಬಳಸಿಕೊಂಡು ಕೊನೆಯ ದಿನ ಕಡತ ತೆರೆಯಿತು; ಒಟ್ಟು 90. ಪುರಾವೆ ಕೇಳುವ ನೋಟೀಸಿಗೆ ಉತ್ತರಿಸಲು ನಿಯಮ ಕೊಡುವ ಗರಿಷ್ಠ ಅವಧಿ 84 ದಿನ; ಅದನ್ನೂ ಪೂರ್ತಿ ತೆಗೆದುಕೊಂಡರೆ 174. ನೂರೆಂಬತ್ತಕ್ಕೆ ಉಳಿದದ್ದು ಆರೇ ದಿನ, ಇಲಾಖೆ ಉತ್ತರದ ಲಕೋಟೆಯನ್ನು ಇನ್ನೂ ಒಡೆದೇ ಇಲ್ಲ! ಕೊನೆಗೆ ಒಪ್ಪಿಗೆ ಸಿಕ್ಕರೆ ಈ ದಿನಗಳನ್ನು ಲೆಕ್ಕದಿಂದ ಬಿಡುವುದುಂಟು. ಸಿಗದಿದ್ದರೆ ಆ ಭಾರವೆಲ್ಲ ನೌಕರನ ತಲೆಗೆ. ಆದ್ದರಿಂದ 84 ದಿನ ಕೊಟ್ಟಿದ್ದಾರೆಂದು 84 ದಿನವೂ ಕೂರುವುದು ಜಾಣತನವಲ್ಲ. ಕಾಗದ ಸಿದ್ಧವಿದ್ದರೆ ಹತ್ತೇ ದಿನದಲ್ಲಿ ಉತ್ತರ ಕಳಿಸಬಹುದು. ಎಷ್ಟೋ ಮಂದಿ ಈ ಗಡಿಯಾರಕ್ಕೆ ಹೆದರಿ ಊರಿಗೆ ಮರಳಿ, ಇಲ್ಲಿಂದಲೇ ಕೇಸಿನ ದಾರಿ ಕಾಯುತ್ತಾರೆ. ಅದೂ ಒಂದು ದಾರಿಯೇ. ಕಂಪನಿಯ ಅರ್ಜಿಗೆ ಒಪ್ಪಿಗೆ ಸಿಗಲು ನೌಕರ ಅಮೆರಿಕದಲ್ಲೇ ಇರಬೇಕೆಂದಿಲ್ಲ. ಆದರೆ ಮನೆಯ ಬಾಡಿಗೆ, ಮಕ್ಕಳ ಶಾಲೆ, ಹೆಂಡತಿಯ ಕೆಲಸ ಎಲ್ಲವನ್ನೂ ಎರಡು ಸೂಟ್‌ಕೇಸಿನಲ್ಲಿ ತುಂಬಿಸಿಕೊಂಡು ಬರಬೇಕಾಗುತ್ತದೆ.

ಮಕ್ಕಳ ಮಾತು ಬಂದದ್ದರಿಂದ ಒಂದು ಸಂಗತಿ. ತಂದೆಯ ಎಚ್-1ಬಿ ನೆರಳಿನಲ್ಲಿರುವ ಮಗಳಿಗೆ 21 ತುಂಬಿದ ದಿನ ಆ ನೆರಳು ಹೋಗುತ್ತದೆ. ಹುಟ್ಟುಹಬ್ಬಕ್ಕೆ ಯಾವ ನ್ಯಾಯಾಲಯದ ತಡೆಯೂ ತಾಗದು. ಮನೆಯಲ್ಲಿ ಇಪ್ಪತ್ತು ದಾಟಿದ ಮಗುವಿರುವಾಗ ‘ಆರು ತಿಂಗಳು ತಡೆ’ ಎಂಬುದಕ್ಕೆ ಸಹಿ ಹಾಕುವ ಮೊದಲು ಇದನ್ನು ನ್ಯಾಯಾಧೀಶರಿಗೆ ತಿಳಿಸಬೇಕಾದ್ದು ವಕೀಲರ ಕರ್ತವ್ಯ. ಕಂಪನಿಯ ವಕೀಲರಿಗೆ ಅದು ತಾನಾಗಿ ಹೊಳೆಯಲಾರದು. ನೌಕರನೇ ಬಾಯಿಬಿಟ್ಟು ಹೇಳಬೇಕು.

ಒಳ್ಳೆಯ ತಡೆಯಾಜ್ಞೆ ಒಂದೇ ಪುಟದ್ದಾದರೂ ಅದರಲ್ಲಿ ತಾರೀಖುಗಳಿರುತ್ತವೆ. ಇಲಾಖೆ ಯಾವ ದಿನದೊಳಗೆ ನೋಟೀಸು ಕಳಿಸಬೇಕು, ಉತ್ತರ ಮುಟ್ಟಿದ ಎಷ್ಟು ದಿನದಲ್ಲಿ ತೀರ್ಮಾನಿಸಬೇಕು, ಎರಡೂ ಪಕ್ಷದವರು 30 ದಿನಕ್ಕೋ 60 ದಿನಕ್ಕೋ ಒಮ್ಮೆ ಸ್ಥಿತಿ ವರದಿ ಕೊಡಬೇಕು, ಮಾತು ತಪ್ಪಿದರೆ ತಡೆ ತೆರವಾಗುತ್ತದೆ. ‘ಮರುಪರಿಶೀಲನೆ ಮುಗಿಯುವವರೆಗೆ’ ಎಂದಷ್ಟೇ ಬರೆದ ತಡೆ ಎಂದರೆ ಮೊಳೆಯಿಲ್ಲದ ಗೋಡೆಗೆ ಕ್ಯಾಲೆಂಡರು ತೂಗುಹಾಕಿದ ಹಾಗೆ. ಸರ್ಕಾರಿ ವಕೀಲರು ತಾರೀಖಿಗೆ ಒಪ್ಪದಿದ್ದರೆ ಅದೇ ಒಂದು ಸೂಚನೆ. ಆಗ ತಡೆಗೆ ಒಪ್ಪದೆ ಕೇಸು ಮುಂದುವರಿಸುವುದೇ ಮೇಲು.

ತಡೆ ಮುಗಿಯುವುದು ಮೂರು ಬಗೆಯಲ್ಲಿ. ಒಪ್ಪಿಗೆ ಬಂದರೆ ಕಂಪನಿ ದಾವೆಯನ್ನು ತಾನಾಗಿ ಹಿಂತೆಗೆದುಕೊಳ್ಳುತ್ತದೆ. ಮತ್ತೆ ತಿರಸ್ಕಾರವಾದರೆ ಫಿರ್ಯಾದನ್ನು ತಿದ್ದಿ, ಹೊಸ ತಿರಸ್ಕಾರವನ್ನು ಪ್ರಶ್ನಿಸಿ, ಅದೇ ನ್ಯಾಯಾಧೀಶರ ಮುಂದೆ ಮುಂದುವರಿಯಬಹುದು. ಎರಡೂ ಇಲ್ಲದೆ ಕಡತ ಮಲಗಿಬಿಟ್ಟರೆ ತಡೆ ತೆರವುಗೊಳಿಸಿ ಎಂದು ಕೇಳಬೇಕು.

ಇಲ್ಲಿ ಹಲವರು ಎಡವುವ ಜಾಗವೊಂದಿದೆ. ತಿರಸ್ಕಾರದ ಮೇಲೆ ಇಲಾಖೆಯೊಳಗೇ ಮೇಲ್ಮನವಿ ಹಾಕುವ ಅವಕಾಶವಿದೆ. ಸಾಮಾನ್ಯವಾಗಿ 30 ದಿನದೊಳಗೆ. ಅದು ಕಡ್ಡಾಯವಲ್ಲದಿದ್ದರೆ ಹಾಕದೆಯೂ ನೇರ ನ್ಯಾಯಾಲಯಕ್ಕೆ ಹೋಗಬಹುದೆಂದು ಸುಪ್ರೀಂ ಕೋರ್ಟಿನ 1993ರ ತೀರ್ಪೊಂದು ಹೇಳುತ್ತದೆ. ಆದರೆ ಎರಡು ದೋಣಿಯಲ್ಲೂ ಕಾಲಿಟ್ಟು ಮೇಲ್ಮನವಿಯನ್ನೂ ಹಾಕಿ ದಾವೆಯನ್ನೂ ಹೂಡಿದರೆ, ‘ಮೇಲ್ಮನವಿ ಬಾಕಿಯಿದೆ, ತೀರ್ಮಾನ ಅಂತಿಮವಾಗಿಲ್ಲ’ ಎಂದು ಹಲವು ನ್ಯಾಯಾಲಯಗಳು ದಾವೆಯನ್ನು ವಾಪಸು ಕಳಿಸಿವೆ. ಅಷ್ಟೇ ಅಲ್ಲ, ಎಲ್ಲ ತಿರಸ್ಕಾರಕ್ಕೂ ನ್ಯಾಯಾಲಯದ ಬಾಗಿಲು ತೆರೆದಿಲ್ಲ. ಒಮ್ಮೆ ಕೊಟ್ಟ ಒಪ್ಪಿಗೆಯನ್ನು ಇಲಾಖೆ ತನ್ನ ವಿವೇಚನೆಯಿಂದ ಹಿಂತೆಗೆದುಕೊಂಡರೆ ಅದನ್ನು ಈ ನ್ಯಾಯಾಲಯಗಳು ಪ್ರಶ್ನಿಸುವಂತಿಲ್ಲ ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಹೇಳಿದೆ. ಅಂಥ ಕಡೆ ತಡೆಯ ಮಾತೇ ಏಳುವುದಿಲ್ಲ.

ತಡೆಯಿಂದ ಒಪ್ಪಿಗೆ ಸಿಕ್ಕವರಿಗೆ ದೂರಲು ಏನೂ ಇರುವುದಿಲ್ಲ. ಲಕೋಟೆ ಬರುತ್ತದೆ, ಒಪ್ಪಿಗೆ ಪತ್ರ ಇರುತ್ತದೆ, ಕೇಸು ಮುಚ್ಚುತ್ತದೆ. ತೀರ್ಪು ಮಾತ್ರ ಇರುವುದಿಲ್ಲ. ಇಲಾಖೆ ಏನು ತಪ್ಪು ಮಾಡಿತ್ತೆಂದು ಯಾವ ನ್ಯಾಯಾಧೀಶರೂ ಬರೆದಿರುವುದಿಲ್ಲ. ಅದೇ ತಪ್ಪಿಗೆ ಸಿಕ್ಕಿದ ಮುಂದಿನವನು ತನ್ನ ವಕೀಲನ ಕೈಗೆ ಕೊಡಲು ಹಿಂದಿನವನ ಕೇಸಿನಿಂದ ಒಂದು ಸಾಲೂ ಸಿಗದು. ದಾವೆ ಹೂಡುವಷ್ಟು ಹಣವಿರುವ ಕಂಪನಿಯವನಿಗೆ ಕಡತ ತೆರೆಯುತ್ತದೆ, ಇಲ್ಲದವನಿಗೆ ಅದೇ ಹಳೆಯ ಕಾರಣದ ತಿರಸ್ಕಾರ ಹೋಗುತ್ತಲೇ ಇರುತ್ತದೆ. ಇಲಾಖೆಗೂ ಇದು ಗೊತ್ತಿಲ್ಲದ ಸಂಗತಿಯಲ್ಲ.

ಕೇಸನ್ನು ಕೊನೆಯವರೆಗೆ ಎಳೆದವರಿಂದ ಏನಾಯಿತೆಂಬುದಕ್ಕೆ ಎರಡು ಉದಾಹರಣೆಗಳಿವೆ. ಐಟಿಸರ್ವ್ ಅಲಯನ್ಸ್ ಎಂಬ ಸಾಫ್ಟ್‌ವೇರ್ ಕಂಪನಿಗಳ ಸಂಘ, ಬೇರೆ ಕಂಪನಿಗಳಲ್ಲಿ ಕೂತು ಕೆಲಸ ಮಾಡುವ ನೌಕರರ ಅರ್ಜಿಗಳನ್ನು ಹಿಂಡುತ್ತಿದ್ದ 2010 ಮತ್ತು 2018ರ ಸುತ್ತೋಲೆಗಳ ವಿರುದ್ಧ ಹೋರಾಡಿತು. 2020ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನ ನ್ಯಾಯಾಧೀಶೆ ರೋಸ್‌ಮೇರಿ ಕಾಲಿಯರ್ ಸಂಘದ ಪರ ತೀರ್ಪು ಕೊಟ್ಟರು. ಜೂನ್‌ನಲ್ಲಿ ಇಲಾಖೆ ಎರಡೂ ಸುತ್ತೋಲೆಗಳನ್ನು ಹಿಂತೆಗೆದುಕೊಂಡಿತು.

ಎರಡನೆಯದು ಇನ್ನೋವಾ ಸೊಲ್ಯೂಷನ್ಸ್ ಎಂಬ ಕಂಪನಿಯ ಕೇಸು. ಭಾರತೀಯ ಪ್ರೋಗ್ರಾಮರ್ ಒಬ್ಬರಿಗಾಗಿ ಹಾಕಿದ ಅರ್ಜಿ ಅದು. ಸರ್ಕಾರದ್ದೇ ಉದ್ಯೋಗ ಕೈಪಿಡಿ ‘ಬಹುಪಾಲು ಪ್ರೋಗ್ರಾಮರ್‌ಗಳಿಗೆ ಪದವಿ ಇರುತ್ತದೆ’ ಎಂದಿತ್ತು. ನಿಯಮಕ್ಕೆ ಬೇಕಾದದ್ದು ಪದವಿ ‘ಸಾಮಾನ್ಯವಾಗಿ’ ಬೇಕಾಗುವ ಕೆಲಸ. ಬಹುಪಾಲು ಎಂದರೆ ಸಾಮಾನ್ಯವಾಗಿ ಎಂದಲ್ಲ ಎಂದು ಇಲಾಖೆ ತಿರಸ್ಕರಿಸಿತ್ತು! ಜಿಲ್ಲಾ ನ್ಯಾಯಾಲಯದಲ್ಲಿ ಕಂಪನಿ ಸೋತಿತು. ಬಿಡದೆ ಮೇಲೆ ಹೋಯಿತು. ಈ ಎರಡು ಮಾತಿನ ನಡುವೆ ಬೆಳಕು ತೂರುವಷ್ಟೂ ಸಂದಿಯಿಲ್ಲ ಎಂಬ ಅರ್ಥದ ತೀರ್ಪನ್ನು ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ 2020ರ ಡಿಸೆಂಬರ್‌ನಲ್ಲಿ ಕೊಟ್ಟಿತು. ಆ ವಾದಕ್ಕೆ ಬುನಾದಿಯಾಗಿದ್ದ 2017ರ ಸುತ್ತೋಲೆಯನ್ನು ಇಲಾಖೆ 2021ರ ಫೆಬ್ರುವರಿಯಲ್ಲಿ ಕೈಬಿಟ್ಟಿತು. 2018ರಲ್ಲಿ ನೂರಕ್ಕೆ 24 ಇದ್ದ ತಿರಸ್ಕಾರ 2021ರಲ್ಲಿ 4ಕ್ಕೆ ಇಳಿದಿತ್ತು. ಅಷ್ಟರಲ್ಲಿ ಸರ್ಕಾರವೂ ಬದಲಾಗಿತ್ತೆಂಬುದು ನಿಜ. ಆದರೆ ಆ ಒಂದು ಸುತ್ತೋಲೆಯಿಂದ ಅರ್ಜಿ ಕಳೆದುಕೊಂಡಿದ್ದ ಉಳಿದ ಪ್ರೋಗ್ರಾಮರ್‌ಗಳು ತಮ್ಮ ಕಡತ ಮತ್ತೆ ತೆರೆಯಿರಿ ಎಂದು ಕೇಳಲು ಸಾಧ್ಯವಾದದ್ದು ಇನ್ನೋವಾ ಹೆಸರಿನ ಆ ತೀರ್ಪನ್ನು ತೋರಿಸಿಯೇ.